ಹಾಜರಿ ಪುಸ್ತಕ

ಬಸವನಹಳ್ಳಿಯ ಬಾಡಿಗೆ ರೂಮಿನಲ್ಲಿ
ನಾನು ಎಪ್ಪತ್ತೊಂದನೇ ಇಸವಿಯನ್ನು ತಯಾರಿಸುತ್ತಿದ್ದೆ.
ಬಕೆಟ್ಟಿನಲ್ಲಿ ಡಿಕಾಕ್ಷನ್, ಅದರಲ್ಲಿ ಹಾಳೆ.
ಚಿಕೋರಿ ಹೆಚ್ಚಾದರೆ ಕಾಗದ ಕೆಂಪಾಗುತ್ತದೆ,
ಬರೀ ಕಾಫಿಯಾದರೆ ಮುಪ್ಪು ಹದವಾಗಿ ಹತ್ತುತ್ತದೆ.
ಮನೆಯೊಡತಿ ಬಾಗಿಲಲ್ಲಿ ನಿಂತು
'ಅಯ್ಯೋ, ಅರ್ಧ ಕೇಜಿ ಪುಡಿ!' ಎಂದು ಹೋದರು.

ಗುಂಡುಪಿನ್ನಿಗೆ ಉಪ್ಪುನೀರು, ಮೂರು ರಾತ್ರಿ.
ಲೆಟರ್‌ಹೆಡ್ಡಿನಲ್ಲಿ ಮೈಸೂರು ರಾಜ್ಯ.
ಮೊದಲು ಕರ್ನಾಟಕ ಎಂದೇ ಹಾಕಿದ್ದೆ;
ಇನ್ನೂರು ಪ್ರತಿ ಅಚ್ಚಾದ ಮೇಲೆ ಹೊಳೆಯಿತು
ಆ ಹೆಸರು ಬರಲು ಇನ್ನೂ ಎರಡು ವರ್ಷ ಕಾಯಬೇಕು.
ಪಿನ್‌ಕೋಡ್ ಇಲ್ಲ. ಫೋನಿಗೆ ಮೂರೇ ಅಂಕಿ.
ಮಾರ್ಚ್ ಹದಿನಾಲ್ಕು ಭಾನುವಾರ, ಆ ಕಾಲಂ ಖಾಲಿ.

ಇದಾವುದನ್ನೂ ಕ್ಯಾಮೆರಾ ನೋಡುವುದಿಲ್ಲ.
ಮೂರು ಸೆಕೆಂಡು ಮೇಜಿನ ಮೇಲೆ ಹರಿದು
ನಾಯಕನ ಮುಖಕ್ಕೆ ಏರಿಬಿಡುತ್ತದೆ.
ಆದರೂ ಎಲ್ಲೋ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್
ಮೂರನೇ ಸಾಲಿನಲ್ಲಿ ಕೂತಿರುತ್ತಾನೆ,
ಥೂ ಎನ್ನಲು ಬಾಯಿ ತೆರೆದು.
ನನಗೆ ಸಂಬಳ ಕೊಡುವುದು ಅವನ ಬಾಯಿ ಮುಚ್ಚಿಸಲು.

ಕಡೂರು ರಸ್ತೆಯ ಮುಚ್ಚಿದ ಕ್ಯೂರಿಂಗ್ ವರ್ಕ್ಸು ನಮ್ಮ ಸೆಟ್ಟು.
ಬೀಜ ಆರಿಸುವ ದೃಶ್ಯಕ್ಕೆ ನಲವತ್ತೊಂದು ಹೆಂಗಸರು,
ಮೇಜಿಗೊಂದು ಹಾಜರಿ ಪುಸ್ತಕ,
ಹೆಸರಿಗೊಂದು ಹೆಬ್ಬೆಟ್ಟು.
ಸ್ಟಾಂಪ್ ಪ್ಯಾಡು, ಒದ್ದೆ ಬಟ್ಟೆ, ನನ್ನ ಎಡಗೈ.
ವಾಲಿಸಿ ಒಂದು, ಅದುಮಿ ಒಂದು,
ಮಸಿ ಒರೆಸಿಕೊಂಡು ಮತ್ತೊಂದು.
ಪುಟ ತುಂಬಿದಾಗ ದೂರದಿಂದ ನೋಡಿ ಖುಷಿಪಟ್ಟೆ.

ಊಟದ ಬಿಡುವಿನಲ್ಲಿ ದ್ಯಾವೀರಮ್ಮ ಬಂದಳು.
ಇಲ್ಲೇ, ಇದೇ ಕಿಟಕಿಯ ಕೆಳಗೆ
ಮೂವತ್ತು ವರ್ಷ ಕೂತವಳು,
ಈಗ ದಿನಕ್ಕೆ ಆರುನೂರರ ಮೇಲೆ ನಟಿ.
ಬೆಳಗ್ಗೆಯೇ ಗೊಣಗಿದ್ದಳು:
'ಆರಿಸಿದ ಬೀಜಾನೇ ಆರಿಸಕ್ಕೆ ಕೊಟ್ಟವ್ರೆ.'
ಪುಸ್ತಕ ತಲೆಕೆಳಗಾಗಿತ್ತು, ತಿರುಗಿಸಲಿಲ್ಲ.
ಅಕ್ಷರ ಬಿಟ್ಟು ಮಿಕ್ಕದ್ದನ್ನು ಓದಿದಳು.
'ಇದೇನವ್ವಾ, ಎಲ್ಲರ ಕೂಲೀನೂ ಒಬ್ಬಳೇ ಎತ್ಕಂಡವ್ಳೆ!'

ನಾನು ನಕ್ಕೆ. ಅವಳು ನಗಲಿಲ್ಲ.
'ನಮ್ಮ ರೈಟರೂ ಹಿಂಗೇ ಒತ್ತೋನು.
ಲೀನಾಬಾಯಿ ಸತ್ತು ಮಣ್ಣಾದ ಮೇಲೂ
ಎರಡು ವರ್ಷ ಕೂಲಿ ತಗಂಡ್ಳು.'

ಹೊಸ ಪುಸ್ತಕ ತಂದೆ.
ಜುಲೇಕಾಬಿ, ಪುಟ್ಟಚ್ಚಮ್ಮ, ಸಾಲಾಗಿ ಎಲ್ಲರೂ
ತಟ್ಟೆ ಬದಿಗಿಟ್ಟು ಕೈ ತೊಳೆದು ಬಂದರು.
ಒತ್ತಿದರು.
ಬಿದ್ದದ್ದು ಬರೀ ಮಸಿ,
ನೇರಳೆ ಹಣ್ಣು ಜಜ್ಜಿದ ಹಾಗೆ.
ಕಪ್ಪು ಬೀಜ, ಒಡಕು ಬೀಜ, ಹುಳ ತಿಂದದ್ದು
ಹೆಕ್ಕಿ ಹೆಕ್ಕಿ ಎಸೆಯುತ್ತ
ಬೆರಳ ಗೆರೆಗಳನ್ನೂ ಎಸೆದುಬಿಟ್ಟಿದ್ದರು.
ರೇಷನ್ ಅಂಗಡಿಯ ಮಿಷನ್ನೂ ಒಪ್ಪಲ್ಲವಂತೆ,
ತಿಂಗಳಿಗೊಮ್ಮೆ ಮೊಮ್ಮಗನ ಬೆರಳು ಸಾಲ.

ಮಾನಿಟರ್ ನೋಡಿ ಡೈರೆಕ್ಟರ್ ಕೂಗಿದರು:
'ಹೆಬ್ಬೆಟ್ಟು ಅಂತ ನಂಬೋಕಾಗಲ್ಲ, ಮೊದಲಿಂದೇ ಇಡು.'
ಇಟ್ಟೆ.
ಮೂರು ಸೆಕೆಂಡು ನನ್ನ ಹೆಬ್ಬೆರಳು
ನಲವತ್ತೊಂದು ಹೆಂಗಸರಾಗಿ ಪರದೆ ದಾಟಿತು.
ಟೇಕ್ ಓಕೆ.

ಸಂಜೆ ಗೇಟಿನ ಬಳಿ ಮ್ಯಾನೇಜರು ದುಡ್ಡು ಎಣಿಸುತ್ತಿದ್ದ.
ವೋಚರ್ ನಿಜದ್ದು, ಬಿಳಿ ಹಾಳೆ, ಈ ವರ್ಷದ ತಾರೀಖು.
ದ್ಯಾವೀರಮ್ಮ ಒತ್ತಿದಳು.
'ಸರಿಯಾಗಿ ಒತ್ತಮ್ಮಾ, ಗೆರೇನೇ ಬಂದಿಲ್ಲ,
ಆಡಿಟರು ನನ್ನ ತಿಂತಾರೆ.'
ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ.
ಹಿಂದೆ ನಲವತ್ತು ಜನರ ಸಾಲು, ಬಸ್ಸಿನ ಹೊತ್ತು.
ಆಮೇಲೆ ಸುತ್ತ ನೋಡಿ, ನನ್ನ ಕಂಡು,
ಕೈ ಮಾಡಿ ಕರೆದಳು:

'ಬಾರವ್ವಾ, ನಿಂದು ಕೊಡು.
ಚೆಂದಾಗಿ ಬೀಳ್ತದೆ.'