ನೀಲಿ ಟೇಪು

ಹೆದರಬೇಡ, ಟವೆಲು ಕೊಡಲು ಬಂದೆ ಅಷ್ಟೆ.
ನಾನು ಸೆನಿಯಾ. ಈ ಮಹಡಿಯ ಇಪ್ಪತ್ತೆರಡು ರೂಮು
ಹನ್ನೊಂದು ವರ್ಷದಿಂದ ನನ್ನ ಕೈಯಲ್ಲಿ.
ಸೇಂಟ್ ಲೂಯಿಸಿಗೆ ತಿಂಗಳಿಗೊಂದು ತಂಡ ಬರುತ್ತೀರಿ,
ಎರಡು ಅಂಗಿ, ಒಂದೇ ಟೈ,
ಐವತ್ತು ಸೀಟಿನ ಪುಟ್ಟ ಜೆಟ್ಟು ಹಾರಿಸಲು.

ಹಾರಿಸುವುದು ನನಗೆ ಬಾರದು.
ಹಾರಿಸುವವರ ಕಸದ ಬುಟ್ಟಿ ಓದಲು ಬರುತ್ತದೆ.

ಮೊದಲ ವಾರ ಪಿಜ್ಜಾ ಡಬ್ಬಿ.
ಸಹಿ ಹಾಕಿ ಹಾಕಿ ನಿನ್ನ ಹೆಸರು ನಿನಗೇ ಅಪರಿಚಿತ.
ಹುಟ್ಟಿದ ದಿನ ಕೇಳಿ ಸಾಲು ಕಟ್ಟುತ್ತಾರಂತೆ,
ತಂಡದಲ್ಲಿ ಹಿರಿಯನಿಗೆ ಮೊದಲ ನಂಬರು.
ನೆಬ್ರಾಸ್ಕಾದ ಜೋಳದ ಹೊಲಕ್ಕೆ ಮೇಲಿಂದ ಮದ್ದು ಹೊಡೆಯುತ್ತಿದ್ದ ಡೆಲ್ಬರ್ಟ್,
ನಲವತ್ತಾರು ಅವನಿಗೆ, ನಕ್ಕಿದ್ದ:
"ಬೋಳುತಲೆಗೆ ಸಿಕ್ಕ ಮೊದಲ ಬಹುಮಾನ."

ಎರಡನೇ ವಾರ ನೂಡಲ್ಸ್ ಕಪ್ಪು.
ಗೋಡೆಗೆ ಕಾಗದದ ಕಾಕ್‌ಪಿಟ್, ಎದುರಿಗೆ ಎರಡು ಕುರ್ಚಿ.
ನೀಲಿ ಟೇಪೇ ತಾ, ಅದು ಬಣ್ಣ ಕೀಳುವುದಿಲ್ಲ.
ಇಲ್ಲದ ಸ್ವಿಚ್ಚು ಒತ್ತುತ್ತ, ಇಲ್ಲದ ದೀಪಕ್ಕೆ "ಆನ್" ಎನ್ನುತ್ತ
ಕೈ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ.
ನನಗೆ ನಮ್ಮಜ್ಜಿಯ ನಮಾಜು ನೆನಪಾಗುತ್ತದೆ:
ತುಟಿ ಮಾತ್ರ ಅಲ್ಲಾಡುತ್ತಿತ್ತು,
ಮುಂದೆಲ್ಲಿಗೆಂದು ಮೈಗೆ ಗೊತ್ತಿತ್ತು.

ಬೆಂಕಿ ಬಿದ್ದರೆ, ಹೊಗೆ ತುಂಬಿದರೆ ಹೇಳಬೇಕಾದ ಸಾಲುಗಳನ್ನು
ಬಚ್ಚಲ ಕನ್ನಡಿಯ ಮೇಲೆ ಬರೆದು ಹೋಗುತ್ತೀರಿ.
ನಾನು ಒರೆಸುವುದಿಲ್ಲ.
ಈಗ ನನ್ನ ಬಾಯಿಗೂ ಬರುತ್ತವೆ, ಹಲ್ಲುಜ್ಜುವಾಗ:
ಆಕ್ಸಿಜನ್ ಮಾಸ್ಕ್, ಹಾಕು. ನೂರು ಪರ್ಸೆಂಟ್.

ನಾಲ್ಕನೇ ವಾರ ಸಿಮ್ಯುಲೇಟರ್.
ರಾತ್ರಿ ಎರಡಕ್ಕೆ ವ್ಯಾನು, ಹೊತ್ತು ನಿನ್ನದಲ್ಲ.
ನೆಲ ಬಿಡದ ಆ ಡಬ್ಬಿಯೊಳಗೆ ದಿನಾ ಒಂದು ಎಂಜಿನ್ನು ಸಾಯುತ್ತದೆ,
ಅದೂ ಇನ್ನು ನಿಲ್ಲಿಸಲಾಗದು ಎಂಬ ವೇಗ ಮುಟ್ಟಿದ ಮೇಲೇ.
ಬೆಳಿಗ್ಗೆ ನಿಮ್ಮ ಅಂಗಿ ಹಿಂಡಿದರೆ ನೀರು.
ಯಾರೂ ಸತ್ತಿರುವುದಿಲ್ಲ. ಆದರೂ ಒಬ್ಬ
ಮೆಟ್ಟಿಲ ಮೇಲೆ ಕೂತು "ಐವತ್ತು ಜನ" ಅಂದ.
ಕಾಫಿ ಕೊಟ್ಟೆ. ಮತ್ತೇನು ಕೊಡಲಿ?

ಐದನೇ ವಾರ ಒಂದು ರೂಮು ಬೇಗ ಖಾಲಿಯಾಗುತ್ತದೆ.
ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ,
ತಿಂಡಿಯ ಹೊತ್ತಿಗೆ ಆ ಕುರ್ಚಿ ಬಿಟ್ಟು ಕೂರುತ್ತೀರಿ.
ಕಳೆದ ಬೇಸಿಗೆ ಇದೇ ರೂಮಿನಲ್ಲಿ ಕೊರಿನಾ
ಟೇಪನ್ನು ಒಂದೊಂದಾಗಿ ಉಗುರಿನಿಂದ ಎಬ್ಬಿಸಿ,
ಗೋಡೆಗೆ ಗಾಯವಾಗದ ಹಾಗೆ ಎಲ್ಲ ತೆಗೆದು,
ದಿಂಬಿನ ಕೆಳಗೆ ನನಗೆ ಐದು ಡಾಲರಿಟ್ಟು ಹೋದಳು.
ಅಷ್ಟು ಹದವಾದ ಕೈ. ಹೇಗೆ ಫೇಲಾಯಿತೋ.

ನನ್ನನ್ನೂ ಒಂದು ವಿಮಾನ ಇಲ್ಲಿಗೆ ತಂದಿತು, ತೊಂಬತ್ತೇಳರಲ್ಲಿ.
ಮಡಿಲಲ್ಲಿ ಮಗಳು, ದಾರಿಯುದ್ದಕ್ಕೂ ವಾಂತಿ.
ಮುಂದೆ ಕೂತವರು ಯಾರು, ನಿದ್ದೆಗೆಟ್ಟವರೋ ಏನೋ,
ಕೇಳಬೇಕೆಂದೇ ಹೊಳೆಯಲಿಲ್ಲ.
ಈಗ ದಿನಾ ಅವರ ಹಾಸಿಗೆ ಕೊಡವುತ್ತೇನೆ.

ಪಾಸಾದರೆ? ಗಲಾಟೆಯೇನೂ ಇರುವುದಿಲ್ಲ.
ಬೂಟು ಬಿಚ್ಚದೆ ಹದಿನಾಲ್ಕು ಗಂಟೆ ನಿದ್ದೆ.
ಆಮೇಲೆ ನಿಜವಾದ ಮೋಡ, ನಿಜವಾದ ಜನ,
ಪಕ್ಕದಲ್ಲಿ, ಅದೃಷ್ಟವಿದ್ದರೆ, ಗೊಣಗದ ಕ್ಯಾಪ್ಟನ್.

ಕೊರಿನಾಳ ಮಂಚದಡಿ ಕಾಗದದ ಒಂದು ಚೂರು ಸಿಕ್ಕಿತ್ತು,
ಗಾಲಿ ಮೇಲೆತ್ತುವ ಹಿಡಿ.
ಮನೆಯ ಫ್ರಿಜ್ಜಿಗೆ ಅಂಟಿಸಿದ್ದೇನೆ.
ಹಾಲು ತೆಗೆಯುವಾಗಲೆಲ್ಲ ಮೊಮ್ಮಗ ಅದನ್ನು ತಳ್ಳಿ
"ಗೇರ್ ಅಪ್" ಎನ್ನುತ್ತಾನೆ,
ಬಾಗಿಲು ಹಾಕುವುದನ್ನು ಮಾತ್ರ ಮರೆಯುತ್ತಾನೆ.

ಸರಿ, ಎಷ್ಟು ಟವೆಲು ಕೊಡಲಿ? ಎರಡು ಸಾಕೇ?
ಇರಲಿ, ನಾಲ್ಕು ಇಟ್ಟುಕೋ.