ಲಾಯದ ದಫ್ತರ

ಮೋಡಿ ಓದಬಲ್ಲ ಮನುಷ್ಯ ಇನ್ನೊಬ್ಬರೇ ಉಳಿದಿದ್ದಾರೆ,
ಸೋಲಾಪುರದ ನವೀಪೇಠೆಯಲ್ಲಿ, ಅಂದರು.
ಪುಟಕ್ಕೆ ನಲವತ್ತು ರೂಪಾಯಿ, ಚಹಾ ಬೇರೆ.
ಗೋಣಿತಟ್ಟು ಬಿಚ್ಚಿ ದಫ್ತರ ಮುಂದಿಟ್ಟೆ.
ಯಾದವರಾವ್ ಪಾಟಣಕರ್ ಕನ್ನಡಕ ಹುಡುಕುವ ಮೊದಲೇ
ಬಗ್ಗಿ ಮೂಸಿದರು:
"ಕುದರಿ ವಾಸನಿ ಇನ್ನೂ ಅದ ನೋಡು."

ನಾನು ತೊಗರಿವಾಡಿಯ ನಾಲಬಂದರವನು.
ಲಾಳ ಈಗ ಅಡ್ಡಹೆಸರಿನಲ್ಲಷ್ಟೇ;
ಕೈಯಲ್ಲಿ ಪಂಕ್ಚರ್ ತೇಪೆ, ಸೊಲ್ಯೂಷನ್ನಿನ ಅಂಟು.

ಅವರು ಓದಿದ್ದು ಹೀಗೆ:
ಕಂಬಳಿ ವ್ಯಾಪಾರಿಯೊಬ್ಬ ಭೀಮೆ ಇಳಿಯಲೆಂದು
ನಮ್ಮ ಘಾಟಿನ ಬೇವಿನಡಿ ಮೂರು ದಿನ ಕಾದ.
ಹರಿಗೋಲು ಬರಲಿಲ್ಲ, ಜ್ವರ ಬಂತು.
ಅವನ ಹೆಂಡತಿ ಸಗುಣಾಬಾಯಿ ಬಳೆ ಮಾರಿ
ಅದೇ ಬೇವಿನ ಸುತ್ತ ಧರ್ಮಶಾಲೆ ಕಟ್ಟಿಸಿದಳು,
ಹಿಂದೆ ಹದಿನೆಂಟು ಕಬ್ಬಿಣದ ಬಳೆಗಳ ಲಾಯ.
ಕರಾರು ಒಂದೇ ಸಾಲು:
ಮನುಷ್ಯರಿಗೆ ಪುಕ್ಕಟೆ, ಕುದುರೆಗೆ ಒಂದಾಣೆ.

ಪುಕ್ಕಟೆ ಮಲಗಿದವರ ಹೆಸರು ಯಾರು ಬರೆದಿಡುತ್ತಾರೆ?
ಅದಕ್ಕೇ ಈ ದಫ್ತರದಲ್ಲಿ ಮನುಷ್ಯರಿಲ್ಲ.
ಇರುವುದು
ಕಂದು, ಹಿಂದಿನ ಬಲಗಾಲು ಬಿಳಿ, ಟಾಂಗಾದ್ದು.
ಕಪ್ಪು ಹೆಣ್ಣು, ಗಬ್ಬ, ಹುರುಳಿ ಹೆಚ್ಚಿಗೆ ಹಾಕಿದೆ.
ತಟ್ಟು, ಕುಂಟು, ಲಾಳ ಎರಡು, ಇಮಾಮನ ಕೈ.

"ತಡೀರಿ," ಅಂದೆ, "ಇನ್ನೊಮ್ಮೆ."
"ಲಾಳ ಎರಡು. ಇಮಾಮನ ಕೈ."
ಇಮಾಮ ನಮ್ಮ ಮುತ್ತಜ್ಜ.
ಫೋಟೋ ಇಲ್ಲ, ಗೋರಿಯ ಕಲ್ಲು ನೆರೆಗೆ ಹೋಯಿತು.
ಸಿಕ್ಕಿದ್ದು ಕೈ ಮಾತ್ರ,
ಅದೂ ಯಾರದೋ ತಟ್ಟಿನ ಗೊರಸಿನ ಕೆಳಗೆ.

ಆಮೇಲೆ ಬಂತು ಆ ಶ್ರಾವಣ.
ಬೂದು ಗಂಡು. ಧಣಿ ಆಚೆ ದಡಕ್ಕೆ ಹೋದ,
ನಾಳೆ ಬರುವೆ ಅಂದ. ಆಣೆ ಬಾಕಿ.
ಮರುದಿನ, ಬೂದು ಗಂಡು, ಬಾಕಿ.
ಅದರ ಮರುದಿನ, ಬಾಕಿ.
ದಸರೆ ದಾಟಿತು, ಸಂಕ್ರಾಂತಿ ದಾಟಿತು,
ಪುಟದ ಮೇಲೆ ಪುಟ ಅದೇ ಬೂದು, ಅದೇ ಬಾಕಿ.
ನಾನು ಕಿಸೆಯೊಳಗೇ ನೋಟು ಎಣಿಸಿದೆ.
"ಇದನ್ನ ಬಿಡ್ರಿ, ಮುಂದ ಓದ್ರಿ."
ಅವರು ಬಿಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ
"ಇದಕ್ಕ ರೊಕ್ಕ ಬ್ಯಾಡ," ಅಂದರು.
ಚಹಾ ಕೆನೆಗಟ್ಟಿತು.

ಒಂಬತ್ತು ವರ್ಷ.
ಮತ್ತೆ ಒಂದು ದಿನ: ಬೂದು ಗಂಡು, ಇಲ್ಲ.
ಸತ್ತಿತೆಂದು ಇಲ್ಲ, ಮಾರಿದೆವೆಂದು ಇಲ್ಲ.
ಕೆಳಗೆ ಮೊತ್ತ, ಇನ್ನೂರೈದು ರೂಪಾಯಿ ಏಳಾಣೆ,
ಎರಡು ಗೆರೆ ಎಳೆದು.
ವಸೂಲು ಅನ್ನುವ ಮಾತು ಎಲ್ಲೂ ಬರಲಿಲ್ಲ,
ಮೊತ್ತವನ್ನು ಯಾರೂ ಹೊಡೆದುಹಾಕಿಯೂ ಇಲ್ಲ.

ಮೇಲ್ಗಡೆ ಸೇತುವೆಯಾದ ಮೇಲೆ
ಪುಟಗಳಿಗೆ ಉಸಿರು ಕಡಿಮೆ.
ತಿಂಗಳಿಗೆ ಎರಡು ತಟ್ಟು, ವರ್ಷಕ್ಕೆ ಒಂದು.
ಕೊನೆಯ ಬರಹ ಬೇರೆ ಯಾರದೋ ಕೈ, ಮಸಿ ನೀಲಿ:
ಸೈಕಲ್ ಒಂದು. ಲಾಯದಲ್ಲಿಟ್ಟಿದೆ. ಹುಲ್ಲು ಬೇಡ.
ಆಣೆಯ ಜಾಗ ಖಾಲಿ.

ಧರ್ಮಶಾಲೆಯ ಕಲ್ಲು ಪಂಚಾಯ್ತಿಯ ಮೆಟ್ಟಿಲಾಗಿದೆ,
ಅರ್ಧ ಗೌಡರ ಹಗೇವಿನಲ್ಲಿದೆ.
ಲಾಯ ಮಾತ್ರ ನಿಂತಿದೆ,
ಉಚ್ಚೆ ಕುಡಿದ ಕಲ್ಲು ಮನೆಗೆ ಆಗದು ಅಂತ.
ಬಳೆ ಹದಿಮೂರು. ಬೂದುವಿನದು ಯಾವುದು,
ಮುಟ್ಟಿ ಮುಟ್ಟಿ ನೋಡಿದೆ. ಎಲ್ಲಾ ಒಂದೇ ತಣ್ಣಗೆ.

ಈ ಸುಗ್ಗಿಗೆ ಕಬ್ಬು ಕಡಿಯುವವರು ಬಂದರು,
ಜತ್ತ ಕಡೆಯವರು. ಎರಡು ಬಳೆಗಳ ನಡುವೆ
ಹಳೆ ಸೀರೆಯ ತೊಟ್ಟಿಲು ಕಟ್ಟಿ
ಹೆಂಗಸೊಬ್ಬಳು ನನ್ನ ಅಂಗಡಿಗೆ ಬಂದು ಕೇಳಿದಳು:
"ರಾತ್ರಿಗೆ ಎಷ್ಟ ಕೊಡೂದ್ರಿ?"
ಬಾಯಿ ತಾನೇ ಅಂದಿತು, "ಮನುಷ್ಯಾರಿಗೆ ಪುಕ್ಕಟೆ."
ಅವಳು ಹೋಗಲಿಲ್ಲ.
"ನಮ್ಮ ಎತ್ತಿಗೆ?"

ಎತ್ತಿನ ದರ ದಫ್ತರದಲ್ಲಿ ಇರಲಿಲ್ಲ.