ತೊಂಬತ್ತರ ವರ್ಷ

ಟಕ್ಲೋಬಾನಿನ ಈ ಗಾಜಿನ ಕಿಂಡಿಯ ಹಿಂದೆ
ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇಲ್ಲ,
ತೊಂಬತ್ತು.
ವಿಮೆಯ ಪುಸ್ತಕ ಹಾಗೆ ಹೇಳುತ್ತದೆ,
ಸಂಬಳಕ್ಕಾಗಿ ನಾನೂ ಹಾಗೇ ಹೇಳುತ್ತೇನೆ:
ರಕ್ತ ತೊಳೆಯುವ ಸರದಿ ತೊಂಬತ್ತು,
ಆಮೇಲೆ ನಿಮ್ಮ ಜೇಬು.

ವಾರಕ್ಕೆ ಮೂರು ಸಲ ಬರುವವರಿಗೆ
ಜುಲೈ ಕೊನೆಗೇ ವರ್ಷ ಮುಗಿಯುತ್ತದೆ.
ಎರಡು ಸಲ ಬರುವವರು
ನವೆಂಬರಿನ ತನಕ ಜಗ್ಗುತ್ತಾರೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ;
ಇಲ್ಲಿರುವುದು ಒರಗುಕುರ್ಚಿ,
ಅದೂ ನಾಲ್ಕು ತಾಸಿಗೆ.

ಏಳನೇ ಕುರ್ಚಿ ಮಾನೊ ತಿಯೊಡುಲೊನದು.
ಸೇತುವೆಯಾಚೆ ಬಾಸೇ ಊರಿನವನು,
ನಲವತ್ತು ವರ್ಷ ತೆಂಗಿನ ಮರ ಹತ್ತಿ ಕಳ್ಳು ಇಳಿಸಿದವನು.
ಈಗ ದಿನಕ್ಕೆ ಮೂರೇ ಲೋಟ ನೀರು.
ಬಾಳೆಹಣ್ಣು ವಿಷ, ಎಳನೀರು ವಿಷ.
ಉಚ್ಚೆ ಹೊಯ್ಯದ ಸಂತ ನಾನು, ಎಂದು ನಗುತ್ತಿದ್ದ.
ಒಮ್ಮೆ ಕಿಂಡಿಯೊಳಗೆ ತೋಳು ತೂರಿಸಿ
ಉಬ್ಬಿದ ನರಕ್ಕೆ ನನ್ನ ಬೆರಳು ತಾಗಿಸಿದ:
ನೋಡು, ಒಳಗೊಂದು ದುಂಬಿ.
ಗುಂಯ್ ಅನ್ನುತ್ತಿತ್ತು, ನಿಜವಾಗಿಯೂ.

ಎಂಟನೇ ಕುರ್ಚಿ ಮಾನಾ ಎಪಿಫಾನಿಯಾಳದು.
ಹುಲ್ಲಿಗೆ ಬಣ್ಣ ಕಟ್ಟಿ ಚಾಪೆ ಹೆಣೆಯುವವಳು,
ಸೂಜಿ ಚುಚ್ಚಿದ ಕೈ ಬಿಟ್ಟು
ಇನ್ನೊಂದು ಕೈಯಿಂದ, ಹಲ್ಲಿನಿಂದ.
ಅವಳ ತೊಂಬತ್ತು ಜುಲೈ ಮೂವತ್ತಕ್ಕೆ ಮುಗಿಯಿತು.
ಒಂದು ತೊಳೆತಕ್ಕೆ ನಾಲ್ಕು ಚಾಪೆಯ ದುಡ್ಡು,
ಒಂದು ಚಾಪೆಗೆ ಒಂದು ವಾರ.
ಲೆಕ್ಕ ನೀವೇ ಮಾಡಿಕೊಳ್ಳಿ,
ನನಗೆ ಮಾಡಿ ಮಾಡಿ ಸಾಕಾಗಿದೆ.

ಆಗಸ್ಟಿನ ಮೊದಲ ಗುರುವಾರ
ತಿಯೊಡುಲೊ ಟೋಪಿ ತೆಗೆದು ಕಿಂಡಿಗೆ ಬಂದ:
ಮಗಳೇ, ನನ್ನ ಇವತ್ತಿನ ಸರದಿ
ಅವಳ ಹೆಸರಿಗೆ ಹಾಕಿಬಿಡು.
ಆಗೋದಿಲ್ಲ ಅಂದೆ.
ಯಾಕಾಗೋದಿಲ್ಲ? ಫೋನಿನ ಕರೆನ್ಸಿ
ಇವರಿಂದ ಅವರಿಗೆ ಕಳಿಸೋದಿಲ್ವೇ?
ನನ್ನ ಮೊಮ್ಮಗ ಕಳಿಸ್ತಾನೆ,
ಹತ್ತು ಪೆಸೊ ಕೂಡ ಕಳಿಸ್ತಾನೆ.

ವರ್ಗಾವಣೆಗೆ ಅವಕಾಶವಿಲ್ಲ, ಎಂದು ಓದಿ ಹೇಳಿದೆ.
ಅವನು ತಲೆಯಾಡಿಸಿದ,
ನಾನು ಸಣ್ಣ ಗುಮಾಸ್ತೆ, ನನ್ನ ಮೇಲಿನವರ ಹತ್ತಿರ
ದೊಡ್ಡ ಬೀಗದಕೈ ಇದೆ ಎಂದುಕೊಂಡಿರಬೇಕು.

ಅವತ್ತಿನಿಂದ ಗುರುವಾರ ಬರಲಿಲ್ಲ.
ಸೋಮವಾರ ಮಾತ್ರ, ಮೊಗ ಊದಿಸಿಕೊಂಡು.
ಫೋನು ಮಾಡಿದರೆ ಜೀಪ್ನಿ ಸಿಗಲಿಲ್ಲ ಅನ್ನುತ್ತಿದ್ದ.
ತೂಕದ ಯಂತ್ರದ ಮೇಲೆ ನಿಂತರೆ
ಐದು ಕಿಲೊ ನೀರು.
ಕೂಡಿಡುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ.
ಹೊಳೆಯಬೇಕಿತ್ತು,
ಕೂಡಿಸುವುದು ಕಳೆಯುವುದೇ ನನ್ನ ಕೆಲಸ.

ಅಕ್ಟೋಬರಿನಲ್ಲಿ, ಕಡಲಿಗೆ ಒಂದು ದಿನವೂ ಇಳಿಯದವನು
ಮನೆಯ ಹಲಗೆಯ ಮೇಲೆ
ಗೋಡೆಗೊರಗಿ ಕೂತಲ್ಲೇ ಮುಳುಗಿಹೋದ.
ಎದೆಯ ತುಂಬ ನೀರಿತ್ತಂತೆ.
ಪರದೆಯ ಮೇಲೆ ಅವನ ಸಾಲು ಮುಚ್ಚಿದೆ:
ಬಳಸಿದ್ದು ಎಪ್ಪತ್ತೊಂದು, ಉಳಿಕೆ ಹತ್ತೊಂಬತ್ತು.
ಡಿಸೆಂಬರ್ ಮೂವತ್ತೊಂದರ ರಾತ್ರಿ
ಊರೆಲ್ಲ ಪಟಾಕಿ ಸಿಡಿಸುವಾಗ
ಆ ಹತ್ತೊಂಬತ್ತೂ ಸದ್ದಿಲ್ಲದೆ ಹೋದವು.

ಎಪಿಫಾನಿಯಾ ಮಾತ್ರ ಉಳಿದಿದ್ದಳು.
ಹೇಗೆ ಎಂದು ಕೇಳಬೇಡಿ:
ಹೊಲಿಗೆ ಯಂತ್ರ, ಕಿವಿಯೋಲೆ,
ಶಾಸಕರ ಕಚೇರಿಯ ಮುಂದೆ ಬೆಳಗಿನ ಮೂರಕ್ಕೆ ಸಾಲು,
ಒಂದು ಶಿಫಾರಸು ಪತ್ರ, ಅರ್ಧ ತೊಳೆತ.

ಜನವರಿ ಎರಡಕ್ಕೆ ಬಂದು ಹೆಬ್ಬೆಟ್ಟೊತ್ತಿದಳು.
ಹೊಸದಾಗಿ ತೊಂಬತ್ತು.
ಮುಂದೆ ಈ ಅಂಕಿ ಏರಿಸುತ್ತಾರಂತೆ ಅಂದೆ, ಸಮಾಧಾನಕ್ಕೆ.
ಏರಿಸಲಿ, ಅಂದಳು.
ಅವನವು ಉಳಿದಿದ್ದವಲ್ಲ, ಅವೇನಾದವು?
ಅವಧಿ ಮೀರಿತು, ಮಾನಾ.
ಹ್ಞೂಂ ಅಂದಳು, ಕೆಟ್ಟ ಮೀನು ಕಂಡವಳಂತೆ.

ಆಮೇಲೆ ಚೀಲದಿಂದ ಒಂದು ಎಳನೀರು ತೆಗೆದು
ಕಿಂಡಿಯೊಳಗೆ ಉರುಳಿಸಿದಳು.
ಅವನ ಮರದ್ದು. ಮೊಮ್ಮಗ ಹತ್ತಿ ಇಳಿಸಿದ.
ನನಗಂತೂ ಕುಡಿಯೋ ಹಾಗಿಲ್ಲ,
ಅವನಿಗೂ ಇರಲಿಲ್ಲ.
ನೀನು ಕುಡಿ.

ಮಧ್ಯಾಹ್ನ ಕಿಂಡಿಯ ಪರದೆ ಎಳೆದು ಕುಡಿದೆ.
ಸ್ವಲ್ಪ ಉಪ್ಪುಪ್ಪಾಗಿತ್ತು, ಕಡಲ ಹತ್ತಿರದ ಮರ.
ಪುಸ್ತಕದಲ್ಲಿ ಎಲ್ಲಿಯೂ ಬರೆಯಲಿಲ್ಲ.